ಸಂತೆಯಿಂದ ತಂದ ಆಡು ಕೆಮ್ಮುತ್ತಿದೆ: ಸೂಜಿಗೆ ಮೊದಲು ಮಾಡಬೇಕಾದದ್ದು

ಪ್ರಶ್ನೆ: ಸರ್, ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಮೊದಲಿಂದ ಒಂಬತ್ತು ಆಡು ಇದ್ದವು. ಸಂಘದಲ್ಲಿ ಸಾಲ ತೆಗೆದು ಒಂಬತ್ತು ದಿನದ ಹಿಂದೆ ಸಂತೆಯಲ್ಲಿ ಇನ್ನೂ ಹನ್ನೆರಡು ಕೊಂಡೆ. ಪಿಕಪ್ ಗಾಡಿಯಲ್ಲಿ ರಾತ್ರಿಯೇ ಊರಿಗೆ ತಂದು ಹಳೆಯವುಗಳ ಜೊತೆ ಬಿಟ್ಟೆ. ಐದನೇ ದಿನ ಹೊಸ ನಾಲ್ಕಕ್ಕೆ ಮೂಗು ಸೋರಿತು, ಆಮೇಲೆ ಕೆಮ್ಮು ಹತ್ತಿತು, ಮೇವು ಬಿಟ್ಟವು. ಊರಲ್ಲಿ "ನೀರು ಬದಲಾಗಿದೆ, ತಾನಾಗೇ ಹೋಗುತ್ತದೆ" ಅಂದರು. ಔಷಧಿ ಅಂಗಡಿಯಲ್ಲಿ ಕೇಳಿ ಒಂದೊಂದು ಸೂಜಿ ಮಾಡಿಸಿದೆ. ಎರಡು ಆಡು ಎದ್ದು ಓಡಾಡಿ, ಎರಡು ದಿನಕ್ಕೆ ಮತ್ತೆ ಮಲಗಿದವು. ನಿನ್ನೆ ಒಂದು ಸತ್ತಿತು. ಇವತ್ತು ನಮ್ಮ ಹಳೇ ಆಡೊಂದು ಸೀನುತ್ತಿದೆ, ಅದು ಗಬ್ಬ ಇದೆ. ಚಳಿಗೆ ಅಂತ ಶೆಡ್ ಸುತ್ತ ತಾಡಪತ್ರಿ ಕಟ್ಟಿದ್ದೇನೆ. ಸಂಜೆ ಬೇವಿನ ತಪ್ಪಲಿನ ಹೊಗೆ ಹಾಕುತ್ತೇನೆ. ಇದು ಹಿರೇಬೇನೆಯೋ ಏನೋ ಗೊತ್ತಾಗುತ್ತಿಲ್ಲ. ಈಗ ಲಸಿಕೆ ಹಾಕಿಸಬಹುದಾ? ಜೀವ ಇರುವಾಗಲೇ ಮಾರಿಬಿಡೋಣ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಮಗುವಿಗೆ ಆಡಿನ ಹಾಲು ಕೊಡುತ್ತಿದ್ದೆವು, ಅದನ್ನು ನಿಲ್ಲಿಸಬೇಕಾ?

ಉತ್ತರ: ನಿಮ್ಮ ಪತ್ರ ಓದಿ ಬೇಜಾರಾಯಿತು. ಸಾಲದ ಆಡು ಸತ್ತರೆ ಕಂತು ಸಾಯುವುದಿಲ್ಲ, ಆ ಚಿಂತೆ ನನಗೆ ಅರ್ಥವಾಗುತ್ತದೆ. ಮಿಕ್ಕದ್ದನ್ನು ಆಮೇಲೆ ಓದಿ, ಮೊದಲು ಈ ನಾಲ್ಕು ಮಾತು. ಕೆಮ್ಮುವ ಆಡುಗಳನ್ನು ಇವತ್ತೇ ಬೇರೆ ಕಡೆ ಕಟ್ಟಿ. ತಾಡಪತ್ರಿಯ ಮೇಲಿನ ಅರ್ಧ ಬಿಚ್ಚಿ. ಹೊಗೆ ನಿಲ್ಲಿಸಿ. ಪಶು ಆಸ್ಪತ್ರೆಗೆ ಹೇಳಿ ಕಳಿಸಿ, ಆಗದಿದ್ದರೆ 1962ಕ್ಕೆ ಫೋನ್ ಮಾಡಿ. ಅದು ಪಶು ಆಂಬುಲೆನ್ಸ್ ನಂಬರ್, ಡಾಕ್ಟರು ಗಾಡಿ ಸಮೇತ ಬರುತ್ತಾರೆ.

ಇನ್ನು ಆ "ನೀರು ಬದಲಾಗಿದೆ" ಅನ್ನುವ ಮಾತು. ಕೊಪ್ಪಳ, ರಾಯಚೂರು ಕಡೆ ಮೂವತ್ತು ವರ್ಷ ಆಡು-ಕುರಿ ನೋಡಿದ್ದೇನೆ. ಈ ಒಂದು ಮಾತಿನಿಂದ ಸತ್ತಷ್ಟು ಆಡು ಬೇರೆ ಯಾವುದರಿಂದಲೂ ಸತ್ತಿಲ್ಲ ಅನಿಸುತ್ತದೆ. ನೀರು ಬದಲಾದರೆ ಒಂದೆರಡು ದಿನ ಕಡಿಮೆ ಕುಡಿಯಬಹುದು, ಹಿಕ್ಕೆ ಸ್ವಲ್ಪ ಸಡಿಲಾಗಬಹುದು. ಜ್ವರ ಬರುವುದಿಲ್ಲ, ಮೂಗಿನಿಂದ ಹಳದಿ ಸಿಂಬಳ ಸುರಿಯುವುದಿಲ್ಲ. ಜ್ವರ ಇದೆ ಅಂದರೆ ಅದು ರೋಗವೇ. ಕಾಯುತ್ತಾ ಕೂತರೆ ಕಳೆದುಕೊಳ್ಳುವುದು ಚಿಕಿತ್ಸೆ ಹಿಡಿಯಬಹುದಾದ ಮೊದಲ ಎರಡು ದಿನವನ್ನು.

ನಡೆದದ್ದು ಏನು ಅಂತ ಆಡಿನ ಕಡೆಯಿಂದ ನೋಡಿ. ನಿಮ್ಮ ಕೈಗೆ ಬರುವ ಮೊದಲು ಅದು ಎರಡು ಮೂರು ಕೈ ದಾಟಿರುತ್ತದೆ. ದಲಾಲರು ಹಳ್ಳಿ ಹಳ್ಳಿಯಿಂದ ಒಂದೊಂದೇ ಸೇರಿಸಿ ಒಂದು ಕಡೆ ಕೂಡಿಹಾಕಿರುತ್ತಾರೆ. ಅಮೀನಗಡದಂಥ ದೊಡ್ಡ ಸಂತೆಯಾದರೆ ಎಷ್ಟೋ ಊರಿನ ಆಡು-ಕುರಿ ಒಂದೇ ಬಯಲಿನಲ್ಲಿ ಮೂತಿಗೆ ಮೂತಿ ತಾಗಿಸಿ ನಿಲ್ಲುತ್ತವೆ. ಹಿಂದಿನ ರಾತ್ರಿಯಿಂದ ನೀರಿಲ್ಲ, ಮೇವಿಲ್ಲ. ಗುರುತಿನ ಹಿಂಡು ಬಿಟ್ಟುಹೋಗಿದೆ. ಆಮೇಲೆ ತೆರೆದ ಗಾಡಿ, ಹೈವೇ, ಚಳಿಗಾಳಿ, ಧೂಳು. ಇದೆಲ್ಲ ಸೇರಿ ಆಡಿನ ರೋಗ ತಡೆಯುವ ಶಕ್ತಿ ಕುಸಿಯುತ್ತದೆ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ನ್ಯುಮೋನಿಯಾ ತರುವ ಕೆಲವು ಬ್ಯಾಕ್ಟೀರಿಯಾ ಚೆನ್ನಾಗಿರುವ ಆಡಿನ ಗಂಟಲಲ್ಲೂ ಇರುತ್ತವೆ. ಪಾಶ್ಚುರೆಲ್ಲಾ, ಮ್ಯಾನ್‌ಹೀಮಿಯಾ ಅಂತ ಅವುಗಳ ಹೆಸರು. ದಿನಾ ಅಲ್ಲೇ ಇದ್ದರೂ ಏನೂ ಮಾಡುವುದಿಲ್ಲ. ಉಸಿರುನಾಳದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಕಸ ಗುಡಿಸಿದ ಹಾಗೆ ಅವು ಕೆಳಗಿಳಿದ ಧೂಳು, ಕಫವನ್ನೆಲ್ಲ ಮೇಲಕ್ಕೆ ತಳ್ಳುತ್ತಿರುತ್ತವೆ. ದೇಹ ನೀರಿಲ್ಲದೆ ಒಣಗಿದಾಗ, ಧೂಳು ಹೊಗೆ ಹೊಕ್ಕಾಗ, ಅಥವಾ ಯಾವುದಾದರೂ ವೈರಸ್ ತಾಗಿದಾಗ ಆ ಗುಡಿಸುವ ಕೆಲಸ ನಿಲ್ಲುತ್ತದೆ. ಬೇಲಿ ಮುರಿದ ಹೊಲಕ್ಕೆ ದನ ನುಗ್ಗಿದಂತೆ ಗಂಟಲ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿಯುತ್ತವೆ. ಸಾಗಾಟ ಆದ ಒಂದೆರಡು ವಾರದೊಳಗೆ ಕಾಣುವ ಈ ಜ್ವರಕ್ಕೆ ನಾವು ಸಾಗಾಣಿಕೆ ಜ್ವರ ಅನ್ನುತ್ತೇವೆ. ನಿಮಗೆ ಮಾರಿದವರು ರೋಗದ ಆಡನ್ನೇ ಕೊಟ್ಟರು ಅಂತ ಇದರಿಂದ ಹೇಳಲಾಗುವುದಿಲ್ಲ. ಸಂತೆಯಲ್ಲಿ ಚೆನ್ನಾಗಿದ್ದ ಆಡೂ ಮನೆಗೆ ಬಂದ ಐದನೇ ದಿನ ಮಲಗಬಹುದು.

ಇನ್ನೊಂದು ಸಾಧ್ಯತೆ ನೀವೇ ಕೇಳಿದ ಹಿರೇಬೇನೆ, ಅಂದರೆ ಪಿಪಿಆರ್. ಇದು ವೈರಸ್ ರೋಗ. ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಸೋಂಕು ತಾಗಿ ಸಾಮಾನ್ಯವಾಗಿ ನಾಲ್ಕರಿಂದ ಆರು ದಿನಕ್ಕೆ ಜ್ವರ ಬರುತ್ತದೆ. ಸಂತೆಯಲ್ಲಿ ತಾಗಿದ್ದರೆ ನಿಮ್ಮ ಐದನೇ ದಿನದ ಲೆಕ್ಕ ಅದಕ್ಕೂ ಸರಿಹೋಗುತ್ತದೆ. ಹಾಗಾಗಿ ಪತ್ರ ಓದಿ ಇದು ಇಂಥದ್ದೇ ಅಂತ ನಾನು ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಬೇರೆ ಮಾಡಿ ಹೇಳುವುದು ಆಡಿನ ಬಾಯಿ.

ನೌಕರಿಗೆ ಸೇರಿದ ಎರಡನೇ ವರ್ಷ ಸಿಂಧನೂರು ಕಡೆ ಒಂದು ಹಟ್ಟಿಗೆ ಹೋಗಿದ್ದೆ. ಹೊಸದಾಗಿ ತಂದ ಆಡುಗಳಿಗೆ ಮೂಗು ಸೋರುತ್ತಿತ್ತು. ಸಂಜೆಯಾಗಿತ್ತು, ಅವಸರದಲ್ಲಿದ್ದೆ. ಚಳಿಯ ನೆಗಡಿ ಅಂದುಕೊಂಡು ಸೂಜಿ ಮಾಡಿ ಬಂದುಬಿಟ್ಟೆ. ಬಾಯಿ ತೆರೆದು ನೋಡಲಿಲ್ಲ. ನಾಲ್ಕನೇ ದಿನ ಮತ್ತೆ ಕರೆ ಬಂತು. ಒಂದು ಆಡಿನ ತುಟಿ ಮಡಚಿದೆ. ವಸಡಿನ ಮೇಲೆ, ನಾಲಿಗೆಯ ಅಡಿಯಲ್ಲಿ ಒದ್ದೆ ತೌಡು ಮೆತ್ತಿದ ಹಾಗೆ ಬಿಳಿ ಪೊರೆ ಇತ್ತು. ಬೆರಳಿಂದ ಮೆಲ್ಲಗೆ ತೀಡಿದರೆ ಕೆಳಗೆ ಕೆಂಪು ಹುಣ್ಣು. ಕೊಳೆತ ವಾಸನೆ. ಅಷ್ಟರಲ್ಲಿ ಅದು ಇಡೀ ಹಟ್ಟಿಗೆ ಹರಡಿತ್ತು. ಅಂದಿನಿಂದ ಕೆಮ್ಮುವ ಆಡಿನ ಬಾಯಿ ನೋಡದೆ ನಾನು ಎದ್ದು ಬಂದಿಲ್ಲ. ನೀವೂ ನೋಡಿ. ಜ್ವರದ ಜೊತೆ ಬಾಯಿ ಹುಣ್ಣು, ಪಿಸುರು ಕಟ್ಟಿ ಅಂಟಿಕೊಂಡ ಕಣ್ಣು, ಮೂಗಿನ ಹೊಳ್ಳೆ ಮುಚ್ಚುವಷ್ಟು ಒಣಗಿದ ಸಿಂಬಳ, ಎರಡು ಮೂರು ದಿನದಲ್ಲಿ ಭೇದಿ, ಇವು ಒಟ್ಟಿಗೆ ಬಂದರೆ ಹಿರೇಬೇನೆ ಅಂತಲೇ ಹಿಡಿದು ನಡೆಯಿರಿ. ಬಾಯಿ ಶುದ್ಧ ಇದ್ದು, ಭೇದಿ ಇಲ್ಲದೆ, ಬರೀ ಜ್ವರ, ಕೆಮ್ಮು, ಏದುಸಿರು ಇದ್ದರೆ ಸಾಗಾಣಿಕೆ ಜ್ವರದ ಕಡೆಗೆ ತೂಕ ಜಾಸ್ತಿ. ಗಟ್ಟಿಯಾಗಿ ಹೇಳಬೇಕಾದರೆ ಡಾಕ್ಟರು ಮೂಗಿನ ಸಿಂಬಳ, ರಕ್ತ ತೆಗೆದು ಲ್ಯಾಬಿಗೆ ಕಳಿಸಬೇಕು.

ಏದುಸಿರು ಬಂದದ್ದೆಲ್ಲ ನ್ಯುಮೋನಿಯಾ ಅಲ್ಲ, ಇದನ್ನೂ ಹೇಳಬೇಕು. ಹೊಸ ಆಡು ಸೊರಗಿದೆ ಅಂತ ಪ್ರೀತಿಯಿಂದ ಜೋಳ, ಮೆಕ್ಕೆಜೋಳ ಬೊಗಸೆ ಬೊಗಸೆ ಹಾಕುತ್ತಾರೆ. ಹೊಟ್ಟೆಯಲ್ಲಿ ಹುಳಿಯಾಗುತ್ತದೆ, ಆಡು ಉಸಿರು ಎಳೆದುಕೊಳ್ಳುತ್ತಾ ನಿಲ್ಲುತ್ತದೆ. ಜಂತುಹುಳು ರಕ್ತ ಹೀರಿದ ಆಡೂ ಏದುಸಿರು ಬಿಡುತ್ತದೆ. ಅದರ ಕಣ್ಣಿನ ಕೆಳರೆಪ್ಪೆ ಹೊರಳಿಸಿ ನೋಡಿ: ಕೆಂಪಗಿರಬೇಕಾದ್ದು ಸುಣ್ಣ ಬಳಿದ ಗೋಡೆ ಹಾಗೆ ಇದ್ದರೆ ಮೊದಲು ಬೇಕಾದದ್ದು ಜಂತಿನ ಔಷಧ. ಜ್ವರವೇ ಇಲ್ಲದೆ ವಾರಗಟ್ಟಲೆ ಕೆಮ್ಮಿದರೆ ಶ್ವಾಸಕೋಶದ ಹುಳು ಇರಬಹುದು. ಮೂಗು ಉಜ್ಜಿಕೊಂಡು, ತಲೆ ಕೊಡವಿ ಸೀನುತ್ತಿದ್ದರೆ ಮೂಗಿನಲ್ಲಿ ನೊಣದ ಹುಳು ಇರಬಹುದು. ಇವಕ್ಕೆಲ್ಲ ಔಷಧಿ ಅಂಗಡಿಯ ಒಂದೇ ಸೂಜಿ ಸಾಕಾಗುವುದಿಲ್ಲ ಅಲ್ವಾ?

ಅದಕ್ಕೇ ಸೂಜಿಗೆ ಮೊದಲು ಥರ್ಮಾಮೀಟರ್ ಅಂತ ನಾನು ಪದೇ ಪದೇ ಹೇಳುವುದು. ಮೆಡಿಕಲ್ ಅಂಗಡಿಯಲ್ಲಿ ಮಕ್ಕಳಿಗೆ ಕೊಡುವ ಡಿಜಿಟಲ್ ಥರ್ಮಾಮೀಟರೇ ಸಾಕು. ಆಡಿಗೆ ಅಂತ ಒಂದು ಬೇರೆ ಇಡಿ. ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ. ಬಾಲ ಎತ್ತಿ ಗುದದ್ವಾರದಲ್ಲಿ ಎರಡು ಇಂಚಿನಷ್ಟು ಒಳಗೆ ಇಟ್ಟು, ಸ್ವಲ್ಪ ಓರೆ ಮಾಡಿ ಒಳಗೋಡೆಗೆ ತಾಗಿಸಿ. ಬೀಪ್ ಅನ್ನುವವರೆಗೆ ಹಿಡಿದುಕೊಳ್ಳಿ. ಆಡಿನ ಮೈಬಿಸಿ ನಮಗಿಂತ ಜಾಸ್ತಿ: 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಮಧ್ಯಾಹ್ನ ಬಿಸಿಲಲ್ಲಿ ಮೇಯ್ದು ಬಂದಾಗ 104 ತೋರಿಸಿದರೆ ಹೆದರಬೇಡಿ. ಬೆಳಗಿನ ತಂಪಿನಲ್ಲಿ 104ಕ್ಕಿಂತ ಮೇಲಿದ್ದರೆ ಜ್ವರ. 100ಕ್ಕಿಂತ ಕೆಳಗಿಳಿದರೆ ಅದು ಜ್ವರಕ್ಕಿಂತ ಕೆಟ್ಟ ಸುದ್ದಿ, ಆಡು ಸೋಲುತ್ತಿದೆ ಅಂತ.

ಉಸಿರು ಎಣಿಸುವುದಕ್ಕೆ ಖರ್ಚೇ ಇಲ್ಲ. ಬೆಳಿಗ್ಗೆ ಆಡು ನೆರಳಲ್ಲಿ ಸುಮ್ನೆ ಮಲಗಿದ್ದಾಗ ಹತ್ತು ಹೆಜ್ಜೆ ದೂರ ಕೂತು ಅದರ ಪಕ್ಕೆ ನೋಡಿ. ಒಂದು ಸಲ ಉಬ್ಬಿ ಇಳಿದರೆ ಒಂದು. ದೊಡ್ಡ ಆಡಿಗೆ ನಿಮಿಷಕ್ಕೆ 15ರಿಂದ 30 ಇರಬೇಕು. ತಂಪು ಹೊತ್ತಲ್ಲಿ 40 ದಾಟಿದರೆ ಅನುಮಾನ ಪಡಿ. ಕುತ್ತಿಗೆ ಮುಂದಕ್ಕೆ ಚಾಚಿ, ಮುಂಗಾಲು ಅಗಲಿಸಿ, ಹೊಳ್ಳೆ ಅರಳಿಸಿ, ಹೊಟ್ಟೆಯಿಂದ ಒತ್ತಿ ಉಸಿರು ಬಿಡುತ್ತಿದ್ದರೆ, ಹಲ್ಲು ಕಡಿಯುತ್ತಿದ್ದರೆ, ಸಂಜೆವರೆಗೂ ಕಾಯಬೇಡಿ. ಇಪ್ಪತ್ತೂ ಆಡಿನ ಜ್ವರ, ಉಸಿರು ಎರಡನ್ನೂ ಒಂದು ನೋಟ್‌ಬುಕ್ಕಲ್ಲಿ ಬರೆಯಿರಿ, ಬೆಳಿಗ್ಗೆ ಸಂಜೆ. ಮೂಗು ಸೋರುವುದಕ್ಕಿಂತ ಒಂದು ದಿನ ಮೊದಲೇ ಜ್ವರ ಏರಿರುತ್ತದೆ. ಆ ಒಂದು ದಿನ ಮುಂಚೆ ಹಿಡಿದ ಆಡು ಉಳಿಯುವುದೇ ಹೆಚ್ಚು.

ನಿಮ್ಮ ಎರಡು ಆಡು ಎದ್ದು ಮತ್ತೆ ಯಾಕೆ ಮಲಗಿದವು? ಕಾರಣ ಮೂರು ಇರಬಹುದು. ಮೊದಲನೆಯದು, ಸೂಜಿಯ ಕೋರ್ಸ್ ಮುಗಿದಿಲ್ಲ. ಆಡು ಮೇವು ಮುಟ್ಟಿದ ಕೂಡಲೇ ಗುಣವಾಯಿತು ಅಂದುಕೊಳ್ಳುತ್ತೇವೆ. ಒಳಗೆ ಬ್ಯಾಕ್ಟೀರಿಯಾ ಅರ್ಧ ಸತ್ತಿರುತ್ತವೆ ಅಷ್ಟೇ. ನ್ಯುಮೋನಿಯಾಕ್ಕೆ ಮೂರರಿಂದ ಐದು ದಿನದ ಚಿಕಿತ್ಸೆ ಬೇಕು, ಕೆಲವೊಮ್ಮೆ ಹೆಚ್ಚೂ ಬೇಕಾಗುತ್ತದೆ. ಎರಡನೆಯದು, ತೂಕ ತಪ್ಪಿರುತ್ತದೆ. ಉದಾಹರಣೆಗೆ ಹೆಚ್ಚು ದಿನ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಸೂಜಿ, ಬಾಟಲಿ ಮೇಲೆ ಎಲ್‌ಎ ಅಂತ ಬರೆದಿರುತ್ತದಲ್ಲ, ಅದು. ಮಿಲಿಗೆ 200 ಮಿಲಿಗ್ರಾಂ ಇರುವುದಾದರೆ ಹತ್ತು ಕೆಜಿಗೆ ಒಂದು ಮಿಲಿ ಲೆಕ್ಕ, ಎರಡು ಮೂರು ದಿನದ ಮೇಲೆ ಮತ್ತೆ ಒಂದು ಸಲ. ಮೂವತ್ತು ಕೆಜಿ ಆಡನ್ನು ಕಣ್ಣಳತೆಯಲ್ಲಿ ಇಪ್ಪತ್ತು ಅಂದರೆ ಔಷಧ ಮೂರನೇ ಒಂದು ಪಾಲು ಕಡಿಮೆ ಹೋಯಿತು.

ತಕ್ಕಡಿ ಇಲ್ಲದಿದ್ದರೆ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ. ಭುಜದ ಮುಂಬದಿಯ ಮೂಳೆಯಿಂದ ಬಾಲದ ಬುಡದ ಪಕ್ಕದ ಮೂಳೆವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 28, ಉದ್ದ 26 ಇದ್ದರೆ ಹೆಚ್ಚುಕಡಿಮೆ 31 ಕೆಜಿ. ಡಾಕ್ಟರು ಬರುವ ಮೊದಲೇ ಇದನ್ನು ಬರೆದಿಟ್ಟರೆ ಅವರ ಅರ್ಧ ಕೆಲಸ ಮುಗಿದಂತೆ.

ಮೂರನೆಯದು, ಔಷಧ ಆ ಬ್ಯಾಕ್ಟೀರಿಯಾಕ್ಕೆ ಹೊಂದದೇ ಇರಬಹುದು. ಆಡಿಗೆ ನ್ಯುಮೋನಿಯಾ ತರುವ ಮೈಕೋಪ್ಲಾಸ್ಮಾ ಅಂತ ಒಂದು ಜಾತಿ ಇದೆ. ಅದಕ್ಕೆ ಹೊರಗೋಡೆಯೇ ಇಲ್ಲ. ಪೆನಿಸಿಲಿನ್ ಥರದ ಔಷಧಗಳು ಗೋಡೆ ಒಡೆದು ಕೊಲ್ಲುವಂಥವು. ಇಲ್ಲದ ಗೋಡೆಯನ್ನು ಎಲ್ಲಿ ಒಡೆಯುತ್ತವೆ? ಎಷ್ಟು ಸೂಜಿ ಹಾಕಿದರೂ ದುಡ್ಡು ದಂಡ. ಅದಕ್ಕೆ ಟೈಲೋಸಿನ್, ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಬೇಕಾಗುತ್ತದೆ. ಎರಡು ದಿನಕ್ಕೆ ಜ್ವರ ಇಳಿಯದಿದ್ದರೆ ಅದೇ ಸೂಜಿ ಮುಂದುವರಿಸದೆ ಡಾಕ್ಟರಿಗೆ ತಿಳಿಸಿ. ಹಿಂದೆ ಹಾಕಿದ ಸೂಜಿಯ ಖಾಲಿ ಬಾಟಲಿ ತೋರಿಸಿ. ಬಹಳ ಮನೆಗಳಲ್ಲಿ "ಬಿಳೀ ಸೂಜಿ", "ಹಳದಿ ಸೂಜಿ" ಅಂತ ಹೇಳುತ್ತಾರೆ. ಬಣ್ಣದಿಂದ ಯಾವ ಔಷಧ ಅಂತ ನಮಗೆ ತಿಳಿಯುವುದಿಲ್ಲ.

ಕೆಲವು ಸೂಜಿಗಳ ಅಪಾಯ ಬಿಡಿಸಿ ಹೇಳುತ್ತೇನೆ, ಮುಖ್ಯವಾಗಿ ನಿಮ್ಮ ಗಬ್ಬದ ಆಡಿಗೋಸ್ಕರ. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಹಾಕಿದರೆ ಆಡು ಒಂದು ಗಂಟೆಯಲ್ಲಿ ಚುರುಕಾಗುತ್ತದೆ, ನೋಡಿದವರು "ಎಂಥಾ ಸೂಜಿ!" ಅನ್ನುತ್ತಾರೆ. ಆದರೆ ಅದು ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತದೆ. ದಿನ ತುಂಬುತ್ತಿರುವ ಆಡು ಕಂದು ಹಾಕಬಹುದು, ಅಂದರೆ ಗರ್ಭಪಾತವಾಗಬಹುದು. ಟಿಲ್ಮಿಕೋಸಿನ್ ಅನ್ನುವ ದನದ ಸೂಜಿ ಆಡಿನ ಪ್ರಾಣವನ್ನೇ ತೆಗೆಯಬಹುದು. ಅಕಸ್ಮಾತ್ ಮನುಷ್ಯರಿಗೆ ಚುಚ್ಚಿದರೂ ಅಪಾಯ. ನೋವು ಜ್ವರಕ್ಕೆ ಡೈಕ್ಲೋಫೆನಾಕ್ ಹಾಕಿಸಬೇಡಿ, ರಣಹದ್ದುಗಳು ಸಾಯುತ್ತವೆ ಅಂತ 2006ರಲ್ಲೇ ಪಶುಗಳಿಗೆ ಅದನ್ನು ನಿಷೇಧಿಸಿದ್ದಾರೆ. ಮೆಲಾಕ್ಸಿಕ್ಯಾಮ್ ಇದೆ, ಡಾಕ್ಟರು ಕೊಡುತ್ತಾರೆ. ಆಡು ಗಬ್ಬ ಇದೆ, ಎಷ್ಟು ತಿಂಗಳು ಅನ್ನುವುದನ್ನು ಸೂಜಿ ಎತ್ತುವ ಮೊದಲೇ ಹೇಳಿಬಿಡಿ.

ಮನೆಮದ್ದಿನ ವಿಷಯಕ್ಕೆ ಬರುತ್ತೇನೆ. ನಾನು ಮನೆಮದ್ದಿನ ವಿರೋಧಿ ಅಲ್ಲ. ಆದರೆ ಗೊಟ್ಟ ಹಾಕುವುದನ್ನು ಮಾತ್ರ ಕೈಮುಗಿದು ಬೇಡ ಅನ್ನುತ್ತೇನೆ. ಎಣ್ಣೆ, ಅರಿಶಿನ, ಬೆಳ್ಳುಳ್ಳಿ ಏನೇ ಇರಲಿ, ಏದುಸಿರು ಬಿಡುವ ಆಡಿನ ಮೂತಿ ಮೇಲೆತ್ತಿ, ನಾಲಿಗೆ ಎಳೆದು ಸುರಿದರೆ ಅದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗಿಗೆ ಎಣ್ಣೆ ಬಿಡುವುದೂ ಅಷ್ಟೇ ಅಪಾಯ. ಎಣ್ಣೆ ಇಳಿದ ಶ್ವಾಸಕೋಶಕ್ಕೆ ನಮ್ಮ ಹತ್ತಿರ ಔಷಧ ಇಲ್ಲ. ಪಕ್ಕೆಗೆ ಬರೆ ಹಾಕುವುದು ಬೇಡವೇ ಬೇಡ, ಸುಟ್ಟ ನೋವಿಗೆ ಆಡು ಇನ್ನಷ್ಟು ಮೇವು ಬಿಡುತ್ತದೆ.

ತಾಡಪತ್ರಿ, ಹೊಗೆ ಎರಡನ್ನೂ ನೀವು ಅಕ್ಕರೆಯಿಂದಲೇ ಮಾಡಿದ್ದೀರಿ. ಆದರೆ ಒಂದು ಕೆಲಸ ಮಾಡಿ. ನಾಳೆ ನಸುಕಿನಲ್ಲಿ ಶೆಡ್ಡಿಗೆ ಹೋಗಿ ಆಡಿನ ಮೂಗಿನ ಎತ್ತರಕ್ಕೆ ಮಂಡಿಯೂರಿ ಕೂತು ಎರಡು ನಿಮಿಷ ಉಸಿರಾಡಿ. ಕಣ್ಣು ಉರಿದರೆ, ಮೂಗಿಗೆ ಘಾಟು ಬಡಿದರೆ, ಅದು ಗಂಜಲದ ಅಮೋನಿಯಾ. ನಾವು ನಿಂತು ಉಸಿರಾಡುವ ಎತ್ತರದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಆಡು ರಾತ್ರಿಯೆಲ್ಲ ನೆಲಕ್ಕೆ ಮೂತಿ ಇಟ್ಟು ಮಲಗಿ ಅದನ್ನೇ ಎಳೆದುಕೊಳ್ಳುತ್ತದೆ. ಅದರ ಮೇಲೆ ಬೇವಿನ ಹೊಗೆ ಬೇರೆ. ನಮ್ಮ ಕಡೆಯ ಚಳಿಯನ್ನು ಮೈ ಒಣಗಿರುವ ದೊಡ್ಡ ಆಡು ತಡೆದುಕೊಳ್ಳುತ್ತದೆ. ಅದಕ್ಕೆ ಆಗದಿರುವುದು ಒದ್ದೆ ನೆಲ, ನೇರ ಬೀಸುವ ಗಾಳಿ, ಕಟ್ಟಿದ ಉಸಿರು. ಗಾಳಿ ಬರುವ ದಿಕ್ಕಿನಲ್ಲಿ ಆಡಿನ ಎತ್ತರದವರೆಗೆ ಮಾತ್ರ ಮರೆ ಇರಲಿ, ಮೇಲೆ ಎಲ್ಲ ಕಡೆ ಬಿಚ್ಚಿರಲಿ. ನೆಲ ಗುಡಿಸಿ, ಒಣ ಶೇಂಗಾ ಹೊಟ್ಟೋ ಜೋಳದ ರವದಿಯೋ ಹಾಸಿ, ಒದ್ದೆಯಾದಾಗ ತೆಗೆಯಿರಿ. ಗುಡಿಸುವಾಗ ಆಡು ಹೊರಗಿರಲಿ, ಧೂಳು ಕೂತ ಮೇಲೆ ಒಳಗೆ ಬಿಡಿ. ಸಣ್ಣ ಮರಿಗಳಿಗೆ ಮಾತ್ರ ರಾತ್ರಿ ಬೆಚ್ಚಗಿನ ಮೂಲೆ ಬೇಕು.

ಬೇರೆ ಕಟ್ಟುವುದು ಅಂದರೆ ಅದೇ ಶೆಡ್ಡಿನ ಇನ್ನೊಂದು ಕಂಬಕ್ಕೆ ಕಟ್ಟುವುದಲ್ಲ. ಮೂರು ಗುಂಪು ಮಾಡಿ. ಕೆಮ್ಮು, ಜ್ವರ ಇರುವ ಆಡು ಒಂದು. ಜೊತೆಗೆ ಬಂದು ಇನ್ನೂ ಚೆನ್ನಾಗಿ ಕಾಣುವ ಹೊಸ ಆಡು ಇನ್ನೊಂದು. ಹಳೇ ಆಡು ಮೂರನೆಯದು. ಸೀನುವ ಗಬ್ಬದ ಆಡಿಗೆ ಮೊದಲು ಜ್ವರ ನೋಡಿ. ಹೊಗೆ, ಅಮೋನಿಯಾಕ್ಕೂ ಸೀನು ಬರುತ್ತದೆ. ಜ್ವರ ಇಲ್ಲದಿದ್ದರೆ ಅದನ್ನು ರೋಗದ ಆಡುಗಳ ಜೊತೆ ಸೇರಿಸದೆ ಒಂಟಿಯಾಗಿ ಕಟ್ಟಿ. ಗುಂಪುಗಳ ನಡುವೆ ಆದಷ್ಟು ದೂರ ಇರಲಿ, ಹೊಲದ ಮನೆ ಇದ್ದರೆ ಬಹಳ ಒಳ್ಳೆಯದು. ನೀರಿನ ಬುಟ್ಟಿ, ಮೇವಿನ ತೊಟ್ಟಿ ಬೇರೆ ಬೇರೆ. ಕೆಲಸ ಹಳೇ ಆಡಿನಿಂದ ಶುರುವಾಗಿ ರೋಗದ ಆಡಿನಲ್ಲಿ ಮುಗಿಯಬೇಕು. ಆಮೇಲೆ ಕೈಕಾಲು ಸೋಪಿನಲ್ಲಿ ತೊಳೆದು, ಬಟ್ಟೆ ಬದಲಿಸಿ. ಯಾವ ಗುಂಪನ್ನೂ ಊರ ಹಿಂಡಿನ ಜೊತೆ ಮೇಯಲು ಬಿಡಬೇಡಿ. ನಮ್ಮ ಕಡೆ ಕೆಂಗುರಿ ಹಿಂಡುಗಳು ಬೇಸಿಗೆಗೆ ಊರೂರು ಅಲೆಯುತ್ತವೆ, ಒಂದು ಹಳ್ಳದ ನೀರು ಹತ್ತು ಹಿಂಡಿಗೆ. ನಿಮ್ಮ ಮನೆಯಲ್ಲಿ ನಿಲ್ಲಬೇಕಾದದ್ದು ಅಲ್ಲಿವರೆಗೆ ಹೋಗಬಾರದು.

ಬೇರೆ ಕಟ್ಟಿದ ಆಡಿಗೆ ಆರೈಕೆ ಅರ್ಧ ಔಷಧ. ಉಗುರುಬೆಚ್ಚಗಿನ ನೀರನ್ನು ದಿನಕ್ಕೆ ನಾಲ್ಕೈದು ಸಲ ಮುಂದಿಡಿ. ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ್ದನ್ನೂ ಪಕ್ಕದಲ್ಲಿಡಿ, ತಾನಾಗಿ ಕುಡಿಯಲಿ. ಜೋಳ, ಹಿಂಡಿ ಸದ್ಯಕ್ಕೆ ಬೇಡ. ಸುಬಾಬುಲ್, ಬೇವು, ಜಾಲಿಯ ಎಳೇ ತಪ್ಪಲನ್ನು ಕಟ್ಟಿ ಮೂತಿಯ ಎತ್ತರಕ್ಕೆ ತೂಗುಹಾಕಿ. ಮೂಗು ಕಟ್ಟಿದ ಆಡಿಗೆ ವಾಸನೆ ಹತ್ತುವುದಿಲ್ಲ, ವಾಸನೆ ಇಲ್ಲದೆ ಅದು ಮೇಯುವುದಿಲ್ಲ. ಬೆಚ್ಚನೆ ಉಪ್ಪುನೀರಲ್ಲಿ ಅದ್ದಿದ ಬಟ್ಟೆಯಿಂದ ಹೊಳ್ಳೆ ಒರೆಸಿ, ಒಣಗಿದ ಸಿಂಬಳ ನೆನೆಸಿ ತೆಗೆಯಿರಿ. ಎಷ್ಟೋ ಆಡು ಒರೆಸಿದ ಹತ್ತು ನಿಮಿಷಕ್ಕೆ ತಪ್ಪಲಿಗೆ ಬಾಯಿ ಹಾಕಿದ್ದನ್ನು ನೋಡಿದ್ದೇನೆ. ಒರೆಸಿದ ಬಟ್ಟೆ ಸುಟ್ಟುಬಿಡಿ.

ಲಸಿಕೆ ಈಗ ಹಾಕಿಸಬೇಕಾ ಅಂದರೆ, ಜ್ವರ ಇರುವ ಆಡಿಗೆ ಬೇಡ. ಲಸಿಕೆ ಚಿಕಿತ್ಸೆಯಲ್ಲ. ಸೋಂಕು ಒಳಗಿದ್ದಾಗ ಹಾಕಿದರೆ ಅದು ಕೆಲಸ ಮಾಡುವ ಮೊದಲೇ ರೋಗ ಗೆದ್ದಿರುತ್ತದೆ, ಆಮೇಲೆ ಲಸಿಕೆಯಿಂದಲೇ ಸತ್ತಿತು ಅಂತ ಊರಲ್ಲಿ ಸುದ್ದಿಯಾಗುತ್ತದೆ. ಹಿರೇಬೇನೆ ಅಂತ ಖಚಿತವಾದರೆ ನಿಮ್ಮ ಹಳೇ ಆಡುಗಳಿಗೂ ಸುತ್ತಲಿನ ಮನೆಗಳ ಆಡುಗಳಿಗೂ ಹಾಕಬೇಕಾ ಅನ್ನುವುದನ್ನು ಡಾಕ್ಟರು ನೋಡಿ ತೀರ್ಮಾನಿಸುತ್ತಾರೆ. ಹಾಕುವುದಾದರೆ ಆಡಿಗೊಂದು ಹೊಸ ಸೂಜಿ ಇರಲಿ. ಒಂದೇ ಸೂಜಿಯಲ್ಲಿ ಇಪ್ಪತ್ತು ಆಡಿಗೆ ಹಾಕಿದರೆ ರೋಗವನ್ನು ನಾವೇ ಹಂಚಿದಂತೆ. ಉಳಿದ ಹೊಸ ಆಡುಗಳಿಗೆ ಮೂರು ವಾರ ಯಾವ ತೊಂದರೆಯೂ ಕಾಣದಿದ್ದರೆ ಆಗ ಹಾಕಿಸಿ. ಒಂದು ಮಿಲಿ, ಚರ್ಮದ ಅಡಿಗೆ, ಒಮ್ಮೆ ಹಾಕಿದರೆ ಮೂರು ವರ್ಷ ಕಾಯುತ್ತದೆ. ಇಲಾಖೆ ಇದನ್ನು ಉಚಿತವಾಗಿ ಹಾಕುತ್ತದೆ. 2030ರ ಹೊತ್ತಿಗೆ ಈ ರೋಗವನ್ನೇ ಇಲ್ಲವಾಗಿಸಬೇಕು ಅಂತ ದೇಶ ಗುರಿ ಇಟ್ಟುಕೊಂಡಿದೆ. ನಿಮ್ಮ ಹಳೇ ಒಂಬತ್ತಕ್ಕೆ ಹಿಂದೆ ಲಸಿಕೆ ಆಗಿತ್ತಾ ನೆನಪು ಮಾಡಿಕೊಳ್ಳಿ. ಆಗಿದ್ದರೆ ಹಿರೇಬೇನೆಯ ಮಟ್ಟಿಗೆ ಅವು ಬಹುಮಟ್ಟಿಗೆ ಸುರಕ್ಷಿತ.

ಹಿರೇಬೇನೆ ಅಂದ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ವೈರಸ್ಸನ್ನು ಕೊಲ್ಲುವ ಸೂಜಿ ಇಲ್ಲ ನಿಜ. ಲಸಿಕೆ ಕಾಣದ ಹಿಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದೂ ಉಂಟು. ಆದರೆ ಬಹಳ ಆಡು ಸಾಯುವುದು ವೈರಸ್ಸಿನ ಹಿಂದೆ ನುಗ್ಗುವ ನ್ಯುಮೋನಿಯಾ, ಭೇದಿಯಿಂದ. ಆ ಎರಡನ್ನು ತಡೆದರೆ ಉಳಿಸಿಕೊಳ್ಳಬಹುದು. ಬದುಕಿದ ಆಡಿಗೆ ಈ ರೋಗ ಮತ್ತೆ ಬರುವುದಿಲ್ಲ, ಅದು ರೋಗವನ್ನು ಇಟ್ಟುಕೊಂಡು ಹಂಚುವುದೂ ಇಲ್ಲ. ಬಿಸಿಲಿಗೆ ಈ ವೈರಸ್ ಹೊರಗೆ ಹೆಚ್ಚು ದಿನ ಬಾಳುವುದಿಲ್ಲ.

ಈಗ ಮಾರುವ ಮಾತು. ಮನೆಯವರ ಮೇಲೆ ನನಗೆ ಸಿಟ್ಟಿಲ್ಲ, ಕಂತು ಕಟ್ಟುವವರ ಸಂಕಟ ಅದು. ಆದರೂ ಮಾರಬೇಡಿ. ಈ ಆಡು ಸಂತೆಗೆ ಹೋದರೆ ಇನ್ನೊಂದು ಹಳ್ಳಿಯಲ್ಲಿ ಇನ್ನೊಬ್ಬರು, ಬಹುಶಃ ಅವರೂ ಸಾಲದಲ್ಲೇ, ಇದೇ ಪತ್ರ ಬರೆಯುತ್ತಾರೆ. ನಿಮಗೆ ಬಂದದ್ದೂ ಯಾರೋ ಹೀಗೆ ದಾಟಿಸಿದ್ದರಿಂದಲೇ ಇರಬಹುದು. ಇದರಲ್ಲಿ ಕಾನೂನಿನ ವಿಷಯವೂ ಇದೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆ 2009ರ ಕಾಯ್ದೆ ಇದೆ, ಆ ಪಟ್ಟಿಯಲ್ಲಿ ಪಿಪಿಆರ್ ಇದೆ. ಅಂಥ ರೋಗ ತಗುಲಿದ ಪ್ರಾಣಿಯನ್ನು ಸಂತೆಗೆ ತರುವುದು ಅಪರಾಧ. ಕಟುಕರಿಗೆ ಕೊಟ್ಟರಾಯಿತು ಅನ್ನುವವರಿಗೂ ಹೇಳುತ್ತೇನೆ, ಮೊನ್ನೆ ತಾನೇ ಹಾಕಿದ ಸೂಜಿಯ ಔಷಧ ಮಾಂಸದಲ್ಲಿ ಇರುತ್ತದೆ. ಎಷ್ಟು ದಿನ ಬಿಡಬೇಕು ಅಂತ ಬಾಟಲಿಯ ಮೇಲೆ ಬರೆದಿರುತ್ತದೆ, ಎಲ್‌ಎ ಸೂಜಿಗಳಿಗೆ ಅದು ವಾರಗಟ್ಟಲೆ. ಉಪಚರಿಸುವುದಕ್ಕೂ ಖರ್ಚಿದೆ, ಅದು ಸುಳ್ಳಲ್ಲ. ತೀರಾ ಸೋತು, ಮೈಬಿಸಿ ಇಳಿದು, ಎದ್ದು ನಿಲ್ಲಲಾಗದ ಆಡಿನ ಮೇಲೆ ದುಡ್ಡು ಸುರಿಯುವುದಕ್ಕಿಂತ, ಇನ್ನೂ ನಿಂತಿರುವ, ಜ್ವರ ಈಗಷ್ಟೇ ಏರಿದ ಆಡುಗಳಿಗೆ ಅದನ್ನು ಹಾಕಿ ಅಂತ ಹೇಳುವ ಕಷ್ಟದ ದಿನಗಳೂ ನನ್ನ ಕೆಲಸದಲ್ಲಿ ಬಂದಿವೆ. ಡಾಕ್ಟರ ಹತ್ತಿರ ಇದನ್ನು ಮುಚ್ಚಿಡದೆ ಮಾತಾಡಿ.

ದೇವರು ದೊಡ್ಡವನು, ಇನ್ನೊಂದು ಸಾಯದಿರಲಿ. ಸತ್ತರೆ ಹೂಳುವ ಮೊದಲು ಡಾಕ್ಟರನ್ನು ಕರೆಸಿ. ಮರಣೋತ್ತರ ಪರೀಕ್ಷೆಯಲ್ಲಿ ಒಂದು ಗಂಟೆಯಲ್ಲಿ ಸಿಗುವ ಉತ್ತರ ಹತ್ತು ಸೂಜಿಯಿಂದ ಸಿಗುವುದಿಲ್ಲ. ಚೆನ್ನಾಗಿರುವ ಶ್ವಾಸಕೋಶ ಹತ್ತಿಯಂತೆ ಮೆತ್ತಗಿರುತ್ತದೆ, ತುಂಡು ನೀರಿಗೆ ಹಾಕಿದರೆ ತೇಲುತ್ತದೆ. ನ್ಯುಮೋನಿಯಾ ಆದ ಭಾಗ ಈಲಿಯಂತೆ, ಅಂದರೆ ಲಿವರಿನಂತೆ ಗಟ್ಟಿ, ಕಪ್ಪುಗೆಂಪು, ನೀರಲ್ಲಿ ಮುಳುಗುತ್ತದೆ. ಹಿರೇಬೇನೆಯಾದರೆ ದೊಡ್ಡ ಕರುಳಿನ ಒಳಗೆ ಹುಲಿಪಟ್ಟೆಯಂತೆ ಕೆಂಪು ಗೆರೆ ಕಾಣಬಹುದು. ಇಲಾಖೆಯ ಅನುಗ್ರಹ ಯೋಜನೆಯಲ್ಲಿ ಪರಿಹಾರ ಕೇಳುವುದಕ್ಕೂ, ವಿಮೆ ಮಾಡಿಸಿದ್ದರೆ ಅದಕ್ಕೂ, ಈ ಪರೀಕ್ಷೆಯ ವರದಿ ಬೇಕು. ಆದರೆ ನೀವಾಗಿ ಕೊಯ್ಯಬೇಡಿ. ಕಾಯಿಲೆ ಕಾಣದೆ ದಿಢೀರನೆ ಸತ್ತು, ಮೂಗು, ಗುದದಿಂದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ, ಅಂದರೆ ಆಂಥ್ರಾಕ್ಸ್ ಇರಬಹುದು. ಅದು ಮನುಷ್ಯರಿಗೂ ಬರುತ್ತದೆ, ಅಂಥದ್ದನ್ನು ಡಾಕ್ಟರೂ ಕೊಯ್ಯುವುದಿಲ್ಲ. ಹೂಳುವಾಗ ಆರಡಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ. ಹಳ್ಳಕ್ಕೆ ಎಸೆಯಬೇಡಿ.

ಮುಂದೆ ಮತ್ತೆ ಕೊಳ್ಳುವಾಗ ಸಾಧ್ಯವಾದರೆ ಸಂತೆ ಬಿಟ್ಟು, ಲಸಿಕೆ ಹಾಕಿಸಿದ ಮನೆಯಿಂದ ನೇರ ಕೊಳ್ಳಿ. ಸಂತೆಯಲ್ಲೇ ಕೊಳ್ಳಬೇಕಾದರೆ ಮೂಗು ಒರೆಸಿ ನಿಲ್ಲಿಸಿರುತ್ತಾರೆ, ಅರ್ಧ ಗಂಟೆ ಬಿಟ್ಟು ಬಂದು ಅದೇ ಆಡನ್ನು ಮತ್ತೆ ನೋಡಿ. ನಾಲ್ಕು ಹೆಜ್ಜೆ ಓಡಿಸಿ ಕೆಮ್ಮು ಕೇಳಿಸಿಕೊಳ್ಳಿ. ಮನೆಗೆ ತಂದ ಮೇಲೆ 21 ದಿನವಾದರೂ, ಆಗುವುದಾದರೆ ಒಂದು ತಿಂಗಳು, ಹಳೆಯವುಗಳಿಂದ ದೂರ ಇಡಿ. ಮೊದಲ ದಿನ ನೀರು ಮತ್ತು ಒಣಮೇವು ಮಾತ್ರ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಜಂತಿನ ಔಷಧ, ಕೊನೆಗೆ ಲಸಿಕೆ.

ಮಗುವಿನ ಹಾಲು ಕೇಳಿದ್ದಿರಿ. ಹಿರೇಬೇನೆ ಮನುಷ್ಯರಿಗೆ ಬರುವುದಿಲ್ಲ, ಆ ಭಯ ಬೇಡ. ಆದರೆ ಸೂಜಿ ಹಾಕಿದ ಆಡಿನ ಹಾಲನ್ನು ಬಾಟಲಿಯ ಮೇಲೆ ಬರೆದಷ್ಟು ದಿನ ಮಗುವಿಗೆ ಕೊಡಬೇಡಿ. ಜ್ವರ ಇಲ್ಲದ, ಸೂಜಿ ಹಾಕದ ಹಳೇ ಆಡಿನ ಹಾಲನ್ನು ಉಕ್ಕಿ ಬರುವಂತೆ ಕಾಯಿಸಿ ಕೊಡಬಹುದು. ಹಾಲು ಕರೆಯುವುದು ಬೆಳಗಿನ ಮೊದಲ ಕೆಲಸವಾಗಲಿ, ರೋಗದ ಆಡುಗಳನ್ನು ಮುಟ್ಟುವ ಮುಂಚೆ.